ಮಕ್ಕಳಿಗೆ ಮೊಬೈಲಿನ ಪೌರನೀತಿ

ನಾವು ಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಪೌರನೀತಿಯೆಂಬ ಪಾಠವೊಂದಿತ್ತು. ಮತದಾನ, ತೆರಿಗೆ, ನೆರೆಹೊರೆಯವರೊಡನೆ ನಡೆದುಕೊಳ್ಳಬೇಕಾದ ರೀತಿ ಇವೆಲ್ಲ ಅದರಲ್ಲಿ ಅಡಕವಾಗಿದ್ದವು. ಅದನ್ನು ಆಚರಣೆಗೆ ತರುವ ಪ್ರಸಂಗ ಮಾತ್ರ ಪ್ರಾಪ್ತ ವಯಸ್ಕರಾಗುವ ತನಕ ಒದಗುತ್ತಿರಲಿಲ್ಲ. ಇಂದಿನ ಮಕ್ಕಳಿಗಾದರೋ, ಮನೆಯ ಹಣ, ತಮ್ಮ ಹೆಸರು, ಭಾವಚಿತ್ರ ಈ ಮೂರನ್ನೂ ಅಪರಿಚಿತರಿಗೆ ಒಪ್ಪಿಸಬಲ್ಲ ಸಾಧನವು ಹತ್ತು ತುಂಬುವ ಮೊದಲೇ ಕೈಗೆ ಬಂದಿರುತ್ತದೆ.

ಹೊರನಾಡಿನಲ್ಲಿರುವ ನಮ್ಮ ಮನೆಗಳಲ್ಲಿ ಮತ್ತೊಂದು ವಿಶೇಷವುಂಟು. ಊರಿನಿಂದ ಬಂದ ಅಜ್ಜ ಅಜ್ಜಿಯರಲ್ಲಿ ಅನೇಕರಿಗೆ ಹಿಂದಿ ಬಾರದು. ‘ಬ್ಯಾಂಕಿನಿಂದ ಮಾತನಾಡುತ್ತಿದ್ದೇವೆ’ ಎಂದು ಯಾರಾದರೂ ಹಿಂದಿಯಲ್ಲಿ ಕರೆ ಮಾಡಿದರೆ, ಅವರು ಮೊಬೈಲನ್ನು ಮೊಮ್ಮಗನ ಕೈಗೆ ಕೊಡುತ್ತಾರೆ. ದುಭಾಷಿಯಾಗಿ ನಿಂತ ಹುಡುಗನು ಓಟಿಪಿಯನ್ನು ಓದಿ ಹೇಳಿಬಿಟ್ಟರೆ ಅಜ್ಜನ ಪಿಂಚಣಿ ಕ್ಷಣಾರ್ಧದಲ್ಲಿ ಪರರ ಪಾಲಾಗುತ್ತದೆ. 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯಲ್ಲಿ ಪಿನ್ ಎಂಬುದು ಚೆಕ್ಕಿನ ಮೇಲಿನ ಸಹಿಗೆ ಸಮಾನ. ಅದು ಹಣ ಕೊಡುವುದಕ್ಕೆ. ಪಡೆಯುವುದಕ್ಕೆ ಪಿನ್ ಎಂದಿಗೂ ಬೇಕಿಲ್ಲ. ಮಗ್ಗಿಯಂತೆ ಬಾಯಿಪಾಠ ಮಾಡಿಸಬೇಕಾದ ಮಾತಿದು.

ಇನ್ನು ಹೆಸರು ಮತ್ತು ಭಾವಚಿತ್ರ. ನಾವು ಬ್ಯಾಂಕಿನ ಕೆಲಸಕ್ಕೆ ಸೇರುವಾಗ ನಿಷ್ಠೆ ಹಾಗೂ ಗೋಪ್ಯತೆಯ ಘೋಷಣೆಗೆ ಸಹಿ ಮಾಡುತ್ತೇವೆ. ಒಬ್ಬ ಗ್ರಾಹಕನ ಲೆಕ್ಕವನ್ನು ಇನ್ನೊಬ್ಬನಿಗೆ ಹೇಳುವಂತಿಲ್ಲ. ಸಹಪಾಠಿಯ ಚಿತ್ರವನ್ನು ಅವನ ಒಪ್ಪಿಗೆಯಿಲ್ಲದೆ ಇತರರಿಗೆ ಕಳುಹಿಸಬಾರದೆಂಬ ನಿಯಮವನ್ನು ಶಾಲೆಯು ಇದೇ ಗಾಂಭೀರ್ಯದಿಂದ ಕಲಿಸಬೇಕು. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಎಣಿಸಿ, ಅವರ ಮಾಹಿತಿಯ ಬಳಕೆಗೆ ತಂದೆ ತಾಯಿಯರ ಸಮ್ಮತಿ ಬೇಕೆನ್ನುತ್ತದೆ. ನಾವೋ, 13 ವರ್ಷದ ನಿಬಂಧನೆಯಿರುವ ಜಾಲತಾಣಕ್ಕೆ ಮಗುವನ್ನು ಸೇರಿಸಲು ಜನ್ಮವರ್ಷವನ್ನೇ ತಿದ್ದಿ ಬರೆಯುತ್ತೇವೆ! ಸುಳ್ಳು ದಾಖಲೆಯ ಪ್ರಥಮ ಪಾಠ ಮನೆಯಲ್ಲೇ ಆಯಿತು.

ಆದರೆ ಇವೆಲ್ಲಕ್ಕಿಂತ ಮಿಗಿಲಾದ ಅಪಾಯ ಮಗುವಿನ ಮೌನದಲ್ಲಿದೆ. ‘ಅಪ್ಪ ಹೊಡೆಯುತ್ತಾರೆ’ ಎಂಬ ಭಯವೇ ಮೋಸಗಾರನ ಮೂಲ ಬಂಡವಾಳ. ಈ ಮೌನಕ್ಕೆ ರೂಪಾಯಿ ಲೆಕ್ಕದಲ್ಲೂ ಬೆಲೆಯುಂಟು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕನೇ ಗುಪ್ತ ಸಂಖ್ಯೆಯನ್ನು ಬಿಟ್ಟುಕೊಟ್ಟಿದ್ದಲ್ಲಿ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು. ತಿಳಿಸಿದ ಅನಂತರದ್ದು ಬ್ಯಾಂಕಿನದು. ಕದ್ದ ಹಣವು ಒಂದು ಖಾತೆಯಿಂದ ಮತ್ತೊಂದಕ್ಕೆ ಸಾಗುತ್ತಲೇ ಇರುವುದರಿಂದ, ಬೇಗನೆ ದೂರು ಕೊಟ್ಟಷ್ಟೂ ಅದನ್ನು ತಡೆಹಿಡಿಯುವ ಸಂಭವ ಹೆಚ್ಚು. ಭಾವಚಿತ್ರ ತೋರಿಸಿ ಬೆದರಿಸುವವರ ವಿಷಯದಲ್ಲಂತೂ ಕಳೆದುಹೋಗುವುದು ಹಣವಷ್ಟೇ ಅಲ್ಲ. ಮಗುವಿನ ನಿದ್ರೆ, ಊಟ, ಓದು ಎಲ್ಲವೂ ಕೆಡುತ್ತವೆ. ಆದಕಾರಣ ತಪ್ಪನ್ನು ಬಂದು ಹೇಳಿದ ಮಗುವನ್ನು ಅಂದು ಗದರಿಸಕೂಡದು. ಮೊದಲು ದೂರು, ಬುದ್ಧಿವಾದ ಮರುದಿನ.

ಹಣದ ಮೋಸಕ್ಕೆ 1930, ಮಕ್ಕಳಿಗೆ ಯಾವುದೇ ಸಂಕಟ ಬಂದರೆ 1098. ನಮ್ಮ ಮನೆಯಲ್ಲಿ ಈ ಎರಡು ಸಂಖ್ಯೆಗಳನ್ನು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಅಂಚಿನಲ್ಲಿ ಮಗಳ ಕೈಯಿಂದಲೇ ಬರೆಸಿದ್ದೇವೆ.