ಸೈನ್ ಪೈ ಸೊನ್ನೆ ಆಗಬೇಕಿತ್ತಲ್ಲ?

ಪೈ ರೇಡಿಯನ್ ಅಂದರೆ 180 ಡಿಗ್ರಿ, ಅದರ ಸೈನ್ ಬೆಲೆ ಸೊನ್ನೆ. ಪ್ರಥಮ ಪಿಯುಸಿಯಲ್ಲೇ ಕಲಿತದ್ದು. ಆದರೆ ಲ್ಯಾಬ್‌ನಲ್ಲಿ ಸಂಖ್ಯಾಶಾಸ್ತ್ರದ 'ಆರ್' ತಂತ್ರಾಂಶ ತೆರೆದು ಸೈನ್(ಪೈ) ಎಂದು ಟೈಪ್ ಮಾಡಿ ಎಂಟರ್ ಒತ್ತಿ ನೋಡಿ. ಪರದೆಯ ಮೇಲೆ ಬರುವುದು ಸೊನ್ನೆ ಅಲ್ಲ:

1.224647ಇ-16

'ಇ-16' ಅಂದರೆ 10ರ ಘಾತ -16ರಿಂದ ಗುಣಿಸಿ ಎಂದರ್ಥ. ದಶಮಾಂಶ ಬಿಂದುವಿನ ನಂತರ 15 ಸೊನ್ನೆ, ಆಮೇಲೆ 122... "ಸರ್, ಸಾಫ್ಟ್‌ವೇರ್ ತಪ್ಪು ತೋರಿಸ್ತಿದೆ" ಎಂದು ಪ್ರತಿ ವರ್ಷ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಹೇಳಬೇಕಾದದ್ದೇ. ಸೊನ್ನೆಯ ಜಾಗದಲ್ಲಿ ಬೇರೆ ಏನೋ ಕಂಡಾಗ ಸುಮ್ಮನಿರುವವರಿಗಿಂತ ಕೇಳುವವರು ಮೇಲು. ಆದರೆ ತಪ್ಪು ಎಲ್ಲಿದೆ ಎಂಬುದನ್ನು ಸರಿಯಾಗಿ ಹುಡುಕಬೇಕು. ಸೈನ್ ಲೆಕ್ಕ ಇಲ್ಲಿ ತಪ್ಪಿಲ್ಲ.

ಆರ್ ಒಂದು ಸಂಖ್ಯೆಯನ್ನು 64 ಬಿಟ್‌ಗಳಲ್ಲಿ ಇಡುತ್ತದೆ. ಅದರಲ್ಲಿ ಅಂಕೆಗಳ ನಿಖರತೆಗೆ ಸಿಗುವುದು 53 ಬಿಟ್ ಮಾತ್ರ, ಅಂದರೆ ಸುಮಾರು 16 ದಶಮಾಂಶ ಅಂಕೆ. ಪೈಗೆ ಕೊನೆಯೇ ಇಲ್ಲ. ಹಾಗಾಗಿ ಕಂಪ್ಯೂಟರಿನೊಳಗೆ ಇರುವುದು ಪೈ ಅಲ್ಲ, ಪೈಗೆ ಅತಿ ಹತ್ತಿರದ ಇನ್ನೊಂದು ಸಂಖ್ಯೆ. 22 ಅಂಕೆ ತೋರಿಸು ಎಂದು ಪ್ರಿಂಟ್ ಆಜ್ಞೆಗೆ ಹೇಳಿದರೆ ಅದು ಹೊರಬರುತ್ತದೆ: 3.141592653589793115998. ನಿಜವಾದ ಪೈ 3.141592653589793238462... ಹದಿನೈದನೇ ದಶಮಾಂಶದವರೆಗೆ ಎರಡೂ ಒಂದೇ, ಅಲ್ಲಿಂದ ಮುಂದೆ ದಾರಿ ಬೇರೆ.

ಈಗ ನಿಮಗೆ ಗೊತ್ತಿರುವ ಸೂತ್ರವನ್ನೇ ಹಾಕಿ. ಸೈನ್ (180 - ಥೀಟಾ) ಅಂದರೆ ಸೈನ್ ಥೀಟಾ. ಕೋನ ತೀರಾ ಚಿಕ್ಕದಾದರೆ ಸೈನ್ ಬೆಲೆ ಆ ಕೋನದಷ್ಟೇ. ಕಂಪ್ಯೂಟರಿನ ಪೈ ನಿಜವಾದ ಪೈಗಿಂತ ಎಷ್ಟು ಕಡಿಮೆಯೋ ಅಷ್ಟೇ ಸೈನ್ ಉತ್ತರ ಬರಬೇಕು. ಎರಡು ಸಂಖ್ಯೆಗಳನ್ನು ಕಾಗದದ ಮೇಲೆ ಕಳೆದು ನೋಡಿ: 1.2246 ಇ-16. ಪರದೆಯಲ್ಲಿ ಬಂದದ್ದೇ ಅದು! ನಾವು ಕೊಟ್ಟ ಕೋನಕ್ಕೆ ಸೈನ್ ಸರಿಯಾದ ಉತ್ತರವನ್ನೇ ಕೊಟ್ಟಿದೆ. ನಾವು ಕೊಟ್ಟ ಕೋನ ಪೈ ಆಗಿರಲಿಲ್ಲ, ಅಷ್ಟೇ.

ಇದೇ ಕಾರಣಕ್ಕೆ ಟ್ಯಾನ್(ಪೈ/2) ಅನಂತ ಆಗುವುದಿಲ್ಲ, 1.633124ಇ+16 ಎಂದು ಬರುತ್ತದೆ. ಪ್ರೋಗ್ರಾಂ ಬರೆಯುವಾಗ ಸೈನ್(ಪೈ) ಸೊನ್ನೆಗೆ ಸಮವೇ ಎಂದು ಎರಡು ಸಮಚಿಹ್ನೆ ಹಾಕಿ ಕೇಳಿದರೆ 'ಫಾಲ್ಸ್' ಎನ್ನುತ್ತದೆ. ಸುಮಾರಾಗಿ ಸಮವೇ ಎಂದು ಆಲ್.ಈಕ್ವಲ್ ಮೂಲಕ ಕೇಳಬೇಕು. 2014ರಲ್ಲಿ ಬಂದ ಆರ್ 3.1.0 ಆವೃತ್ತಿಯಿಂದ ಸೈನ್‌ಪೈ, ಕಾಸ್‌ಪೈ ಎಂಬ ಫಂಕ್ಷನ್‌ಗಳೂ ಇವೆ. ಸೈನ್‌ಪೈ(1) ಎಂದರೆ ಪೈಯನ್ನು ನಾವು ಗುಣಿಸಿ ಕೊಡುವ ಕೆಲಸವೇ ಇಲ್ಲ, ಉತ್ತರ ಶುದ್ಧ ಸೊನ್ನೆ.

ಫಂಕ್ಷನ್ನೇ ತಪ್ಪುವ ಪ್ರಸಂಗವೂ ಇದೆ, ಅದನ್ನು ಮುಚ್ಚಿಡಬಾರದು. ಹಳೆಯ 32-ಬಿಟ್ ವಿಂಡೋಸ್‌ನಲ್ಲಿ ಇದೇ ಆರ್, ಇದೇ ಪ್ರಶ್ನೆಗೆ 1.224606ಇ-16 ಎನ್ನುತ್ತಿತ್ತು. 647ರ ಬದಲು 606. ಹಳೆಯ ಇಂಟೆಲ್ ಪ್ರೊಸೆಸರಿನ ಸೈನ್ ಆಜ್ಞೆ ತನ್ನೊಳಗೆ 66 ಬಿಟ್‌ನ ಪೈ ಇಟ್ಟುಕೊಂಡು ಕಳೆಯುತ್ತಿದ್ದುದರಿಂದ ಹೀಗಾಗುತ್ತಿತ್ತು. ಇದು ನಿಜವಾದ ತಪ್ಪು. 2022ರ ಆರ್ 4.2.0ರಿಂದ 32-ಬಿಟ್ ವಿಂಡೋಸ್ ಆವೃತ್ತಿಯನ್ನೇ ಕೈಬಿಟ್ಟಿದ್ದಾರೆ.

ಇಲ್ಲಿ ಒಬ್ಬರನ್ನು ನೆನೆಯಬೇಕು. ಸಮರ್ಕಂದ್‌ನಲ್ಲಿ ಉಲುಗ್ ಬೇಗ್ ಜೊತೆಗಿದ್ದ ಜಂಶೀದ್ ಅಲ್-ಕಾಶಿ 1424ರಲ್ಲಿ ಎರಡು ಪೈ ಬೆಲೆಯನ್ನು 16 ದಶಮಾಂಶದವರೆಗೆ ಕೈಯಲ್ಲೇ ಲೆಕ್ಕ ಹಾಕಿದರು: 6.2831853071795865. ನಿಜ ಬೆಲೆಯೊಂದಿಗೆ ಹೋಲಿಸಿದರೆ, ಇಂದು ನಮ್ಮ ಲ್ಯಾಬ್‌ನ ಕಂಪ್ಯೂಟರ್ ಇಟ್ಟುಕೊಂಡಿರುವ ಎರಡು ಪೈಯ ದೋಷ ಅಲ್-ಕಾಶಿಯವರ ದೋಷದ ಸುಮಾರು ಹತ್ತು ಪಟ್ಟು! ನನಗೆ ಇದಕ್ಕಿಂತಲೂ ಇಷ್ಟವಾಗುವುದು ಅವರು ಲೆಕ್ಕಕ್ಕೆ ಕೂರುವ ಮೊದಲು ಮಾಡಿದ ಕೆಲಸ. ಎಷ್ಟು ನಿಖರತೆ ಬೇಕು ಎಂದು ಮೊದಲೇ ನಿರ್ಧರಿಸಿದರು. ಭೂಮಿಯ ವ್ಯಾಸದ ಆರು ಲಕ್ಷ ಪಟ್ಟು ವ್ಯಾಸವುಳ್ಳ ವಿಶ್ವದ ಸುತ್ತಳತೆ ಹೇಳಿದರೂ ತಪ್ಪು ಒಂದು ಕುದುರೆ ಕೂದಲಿನ ದಪ್ಪ ಮೀರಬಾರದು ಎಂಬುದು ಅವರ ಗುರಿ.

ನಮ್ಮ ಗುರಿ ಅಷ್ಟು ದೊಡ್ಡದಲ್ಲ. ಬಿಕರ್ನಕಟ್ಟೆಯಿಂದ ಇನ್ನೊಂದು ಜಾಗಕ್ಕೆ ಎಷ್ಟು ದೂರ ಎಂದು ಅಕ್ಷಾಂಶ ರೇಖಾಂಶಗಳಿಂದ ಕಂಡುಹಿಡಿಯಬೇಕು ಅಂದುಕೊಳ್ಳಿ. ಗೋಲದ ಕೊಸೈನ್ ಸೂತ್ರದಲ್ಲಿ ಮೊದಲು ಎರಡು ಜಾಗಗಳ ನಡುವಿನ ಕೋನದ ಕೊಸೈನ್ ಸಿಗುತ್ತದೆ, ಅದರಿಂದ ಕೋನ, ಕೋನದಿಂದ ದೂರ. ಸೂತ್ರ ಸರಿಯಾಗಿಯೇ ಇದೆ. ಆದರೆ ಚಿಕ್ಕ ಕೋನದ ಕೊಸೈನ್ 1ಕ್ಕೆ ಅಂಟಿಕೊಂಡೇ ಇರುತ್ತದೆ. ಕ್ಲಾರ್ಕ್ಸ್ ಟೇಬಲ್ ಬಿಡಿಸಿ ನೋಡಿ: ನಾಲ್ಕು ದಶಮಾಂಶದ ಆ ಪಟ್ಟಿಯಲ್ಲಿ ಅರ್ಧ ಡಿಗ್ರಿಯ ಕೊಸೈನ್ ಕೂಡ 1.0000. ಮಂಗಳೂರು ಮತ್ತು ಉಡುಪಿ ನಡುವಿನ ಕೋನ ಅರ್ಧ ಡಿಗ್ರಿಗಿಂತ ಸ್ವಲ್ಪ ಕಡಿಮೆ. ಆ ಪಟ್ಟಿಯನ್ನು ನಂಬಿದರೆ ಉಡುಪಿ ಮಂಗಳೂರಿನಲ್ಲೇ ಇದೆ.

ಕಂಪ್ಯೂಟರ್ ಬಂದ ಮೇಲೆ ಈ ತೊಂದರೆ ಹೋಗಲಿಲ್ಲ, ಚಿಕ್ಕದಾಯಿತು ಅಷ್ಟೇ. 32 ಬಿಟ್‌ನ ಸಂಖ್ಯೆಗಳಲ್ಲಿ ಈ ಸೂತ್ರ ಕೊಡಬಲ್ಲ ಸೊನ್ನೆಯಲ್ಲದ ಅತಿ ಚಿಕ್ಕ ದೂರ ಸುಮಾರು 2.2 ಕಿ.ಮೀ. ಬಿಕರ್ನಕಟ್ಟೆಯಿಂದ ನಂತೂರು ಸರ್ಕಲ್‌ಗೆ ನಡೆದು ಹೋದರೂ ನೀವು ಹೊರಟೇ ಇಲ್ಲ ಎನ್ನುತ್ತದೆ. ಆರ್ ಬಳಸುವ 64 ಬಿಟ್‌ನಲ್ಲಿ ಆ ಮಿತಿ ಸುಮಾರು 9.5 ಸೆಂ.ಮೀ. ಊರಿನ ದೂರಕ್ಕೆ ಸಾಕು, ಗೋಡೆಯ ಬಿರುಕು ಅಳೆಯಲು ಸಾಲದು.

ಪರಿಹಾರ ಹಳೆಯದೇ. ಹಡಗಿನವರು ಕೊಸೈನ್ ಬದಲು ಅರ್ಧ ಕೋನದ ಸೈನ್ ವರ್ಗವನ್ನು ಬಳಸುತ್ತಿದ್ದರು. ಅದಕ್ಕೆ ಹ್ಯಾವರ್ಸೈನ್ ಎಂದು ಹೆಸರು. ಚಿಕ್ಕ ಕೋನದಲ್ಲಿ ಸೈನ್ 1ಕ್ಕೆ ಅಂಟುವುದಿಲ್ಲ, ಕೋನದ ಜೊತೆಗೇ ಚಿಕ್ಕದಾಗುತ್ತದೆ. ಆರ್‌ನಲ್ಲಿ ಪರೀಕ್ಷಿಸಿ. 1 - ಕಾಸ್(1ಇ-8) ಕೇಳಿದರೆ 0. ಬೀಜಗಣಿತದಲ್ಲಿ ಅದಕ್ಕೆ ಸಮನಾದ 2*ಸೈನ್(0.5ಇ-8)^2 ಕೇಳಿದರೆ 5ಇ-17. ಪುಸ್ತಕದಲ್ಲಿ ಎರಡೂ ಒಂದೇ, ಯಂತ್ರದಲ್ಲಿ ಒಂದು ಸತ್ತಿದೆ, ಇನ್ನೊಂದು ಬದುಕಿದೆ. ಅರ್ಧ ಕೋನದ ಸೂತ್ರಗಳನ್ನು ಯಾಕೆ ಬಾಯಿಪಾಠ ಮಾಡಬೇಕು ಎಂದು ಕೇಳುವವರಿಗೆ ಇದೊಂದು ಉತ್ತರ.

ಕೊನೆಗೆ ಕಿಬ್ಲಾ ಲೆಕ್ಕ. ಕಾಬಾ ಇರುವುದು 21.4225 ಡಿಗ್ರಿ ಉತ್ತರ, 39.8262 ಡಿಗ್ರಿ ಪೂರ್ವದಲ್ಲಿ. ಬಿಕರ್ನಕಟ್ಟೆಯನ್ನು ಸುಮಾರಾಗಿ 12.88 ಉತ್ತರ, 74.87 ಪೂರ್ವ ಎಂದಿಟ್ಟುಕೊಳ್ಳಿ. ರೇಖಾಂಶದ ವ್ಯತ್ಯಾಸ -35.0438 ಡಿಗ್ರಿ. ಅದರ ಸೈನ್ ಮೇಲೆ ಬರೆಯಿರಿ. ಕೆಳಗೆ, ನಮ್ಮ ಅಕ್ಷಾಂಶದ ಕೊಸೈನ್ ಗುಣಿಸು ಕಾಬಾ ಅಕ್ಷಾಂಶದ ಟ್ಯಾನ್. ಅದರಿಂದ ನಮ್ಮ ಅಕ್ಷಾಂಶದ ಸೈನ್ ಗುಣಿಸು ರೇಖಾಂಶ ವ್ಯತ್ಯಾಸದ ಕೊಸೈನ್ ಕಳೆಯಿರಿ. ಮೇಲಿನದು -0.5742, ಕೆಳಗಿನದು 0.2000. ಇವೆರಡನ್ನೂ ಇದೇ ಕ್ರಮದಲ್ಲಿ ಏಟ್ಯಾನ್2 ಫಂಕ್ಷನ್‌ಗೆ ಕೊಟ್ಟು ಡಿಗ್ರಿಗೆ ತಂದರೆ -70.8, ಅಂದರೆ ಉತ್ತರದಿಂದ ಪಶ್ಚಿಮದ ಕಡೆಗೆ 70.8 ಡಿಗ್ರಿ. ನೇರ ಪಶ್ಚಿಮಕ್ಕಿಂತ 19 ಡಿಗ್ರಿಯಷ್ಟು ಉತ್ತರಕ್ಕೆ.

ಈ ಲೆಕ್ಕದಲ್ಲಿ ಹದಿನಾರನೇ ಅಂಕೆಯ ಚಿಂತೆ ಬೇಡ. ಮೊಬೈಲ್ ದಿಕ್ಸೂಚಿ ಹತ್ತಿರದ ಕಬ್ಬಿಣದ ಬೆಂಚಿಗೇ ಕೆಲವು ಡಿಗ್ರಿ ಅಲುಗಾಡುತ್ತದೆ. ಇಲ್ಲಿ ಕಾಡುವ ತಪ್ಪು ಬೇರೆ. ಆರ್‌ನ ಸೈನ್ ಕೇಳುವುದು ರೇಡಿಯನ್, ನಾವು ಕೊಡುವುದು ಡಿಗ್ರಿ. ಸೈನ್(30) ಎಂದರೆ ಅದು 0.5 ಎನ್ನುವುದಿಲ್ಲ, -0.9880316 ಎನ್ನುತ್ತದೆ. ಪೈ/180ರಿಂದ ಗುಣಿಸುವುದನ್ನು ಮರೆತು ಮೇಲಿನ ಸಂಖ್ಯೆಗಳನ್ನು ಹಾಗೆಯೇ ಹಾಕಿದರೆ ಬರುವ ದಿಕ್ಕು ಉತ್ತರದಿಂದ ಪೂರ್ವಕ್ಕೆ 125.6 ಡಿಗ್ರಿ. ಅಂದರೆ ಆಗ್ನೇಯ! ಕಿಬ್ಲಾಕ್ಕೆ ಹೆಚ್ಚುಕಡಿಮೆ ಬೆನ್ನು ಹಾಕಿದ ಹಾಗೆ. ಪರದೆಯ ಮೇಲೆ ಒಂದು ಎಚ್ಚರಿಕೆಯೂ ಇಲ್ಲ, ಉತ್ತರ ಅಚ್ಚುಕಟ್ಟಾಗಿ ಏಳು ಅಂಕೆಗಳಲ್ಲಿ ನಿಂತಿರುತ್ತದೆ. ಅರಬ್ಬಿ ಸಮುದ್ರ ಯಾವ ಕಡೆ ಇದೆ ಎಂದು ಗೊತ್ತಿರುವ ನಮಗೆ ತಕ್ಷಣ ಅನುಮಾನ ಬರಬೇಕು.

ಮನೆಗೆಲಸ: ನಿಮ್ಮ ಮನೆಯ ಅಕ್ಷಾಂಶ ರೇಖಾಂಶ ಹಾಕಿ ಇದೇ ಲೆಕ್ಕ ಮಾಡಿ. ಮಂಜೇಶ್ವರದಿಂದ ಬರುವವರಿಗೆ ನಮ್ಮ ಉತ್ತರಕ್ಕೂ ನಿಮ್ಮದಕ್ಕೂ ಸುಮಾರು ಕಾಲು ಡಿಗ್ರಿ ವ್ಯತ್ಯಾಸ ಸಿಗಬೇಕು. ಅದಕ್ಕಿಂತ ತೀರಾ ಹೆಚ್ಚು ಬಂದರೆ ಮೊದಲು ರೇಡಿಯನ್ ನೋಡಿ, ಆಮೇಲೆ ಆವರಣ ಚಿಹ್ನೆಗಳನ್ನು. ಎರಡೂ ಸರಿಯಿದ್ದರೆ ಲ್ಯಾಬ್‌ಗೆ ಬನ್ನಿ, ಒಟ್ಟಿಗೆ ಹುಡುಕೋಣ.