ಮನೆಯಲ್ಲಿ ನಡೆದ ಪ್ರೋಗ್ರಾಂ ಕಾಲೇಜಿನಲ್ಲಿ ನಿಂತುದೇಕೆ?

ಹರಿಹರದಿಂದ ದಾವಣಗೆರೆಗೆ ಓದಲು ಬರುವ ನನ್ನ ವಿದ್ಯಾರ್ಥಿಯೊಬ್ಬನು ಲೋಲಕದ ಪ್ರಯೋಗದ ಪ್ರೋಗ್ರಾಮನ್ನು ಗಿಟ್‌ಹಬ್‌ನಲ್ಲಿ ಇರಿಸಿದ್ದಾನೆ. 2008ರಲ್ಲಿ ಆರಂಭವಾದ ಈ ತಾಣವನ್ನು ಪ್ರೋಗ್ರಾಂಗಳ ಉಗ್ರಾಣವೆನ್ನಬಹುದು. ಯಾರು, ಯಾವಾಗ, ಏನನ್ನು ತಿದ್ದಿದರೆಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ಸಹಪಾಠಿಗಳ ಉಗ್ರಾಣಗಳಲ್ಲಿ ಬಗೆಹರಿಯದೆ ಉಳಿದ ದೋಷಗಳನ್ನು ಪಟ್ಟಿ ಮಾಡಲು ಆತನು ಪೈಥಾನ್ ಭಾಷೆಯ ಪೈಗಿಟ್‌ಹಬ್ ಎಂಬ ಲೈಬ್ರರಿಯನ್ನು ಬಳಸಿದನು. ನಾವು ಪುಟಗಳನ್ನು ಒಂದೊಂದಾಗಿ ತೆರೆಯಬೇಕಿಲ್ಲ; ಪ್ರೋಗ್ರಾಂ ತಾನೇ ಸರ್ವರಿಗೆ ಕೋರಿಕೆ ಕಳುಹಿಸಿ ಉತ್ತರ ಪಡೆಯುತ್ತದೆ.

ಮನೆಯಲ್ಲಿ ಸರಾಗವಾಗಿ ನಡೆದ ಪ್ರೋಗ್ರಾಂ ಕಾಲೇಜಿನ ಪ್ರಯೋಗಶಾಲೆಯಲ್ಲಿ ನಿಂತುಹೋಯಿತು. ಒಂದಕ್ಷರವೂ ಬದಲಾಗಿರಲಿಲ್ಲ. ಕಾರಣವೇನು? ಗುರುತು ಹೇಳದೆ ಬರುವವರಿಗೆ ಗಿಟ್‌ಹಬ್ ಗಂಟೆಗೆ 60 ಕೋರಿಕೆಗಳನ್ನಷ್ಟೇ ಅನುಮತಿಸುತ್ತದೆ. ಈ ಎಣಿಕೆ ವ್ಯಕ್ತಿಗಲ್ಲ, ಅಂತರಜಾಲ ವಿಳಾಸಕ್ಕೆ. ನಮ್ಮ ಪ್ರಯೋಗಶಾಲೆಯ ಕಂಪ್ಯೂಟರುಗಳೆಲ್ಲವೂ ಹೊರಗಿನವರಿಗೆ ಒಂದೇ ವಿಳಾಸವಾಗಿ ಕಾಣುತ್ತವೆ. 30 ಮಂದಿ ತಲಾ ಎರಡು ಕೋರಿಕೆ ಕಳುಹಿಸಿದೊಡನೆ ಎಲ್ಲರ ಪಾಲೂ ಮುಗಿಯಿತು!

ಇದಕ್ಕೆ ಪರಿಹಾರ ಟೋಕನ್. ಖಾತೆಯಿಂದ ಪಡೆದ ಈ ರಹಸ್ಯ ಅಕ್ಷರಸಾಲನ್ನು ತೋರಿಸಿದರೆ ಮಿತಿಯು ಗಂಟೆಗೆ 5000ಕ್ಕೆ ಏರುತ್ತದೆ. ಎಣಿಕೆಯೂ ಖಾತೆಯ ಹೆಸರಿಗೇ ಸೇರುತ್ತದೆ. ಆದರೆ ನಮ್ಮ ಹುಡುಗನು ಟೋಕನ್ನನ್ನು ಪ್ರೋಗ್ರಾಮಿನೊಳಗೇ ಬರೆದು ಸಾರ್ವಜನಿಕ ಉಗ್ರಾಣಕ್ಕೆ ಸೇರಿಸಲು ಹೊರಟಿದ್ದನು. ಬೀಗ ಹಾಕಿ ಬೀಗದ ಕೈಯನ್ನು ಬಾಗಿಲಿಗೇ ತೂಗುಹಾಕಿದಂತೆ! ಸಿಕ್ಕವರು ಅವನ ಹೆಸರಿನಲ್ಲಿ ತಿದ್ದಬಹುದು, ಅಳಿಸಲೂಬಹುದು. ಒಮ್ಮೆ ಸೇರಿದ ಸಾಲನ್ನು ಮರುದಿನ ಅಳಿಸಿದರೂ ಹಳೆಯ ಪ್ರತಿಗಳಲ್ಲಿ ಅದು ಉಳಿದಿರುತ್ತದೆ; ಆಗ ಟೋಕನ್ನನ್ನೇ ರದ್ದುಮಾಡಬೇಕು. ಆದುದರಿಂದ ಅದನ್ನು ಕಂಪ್ಯೂಟರಿನ ಎನ್‌ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇರಿಸಿ, ಪ್ರೋಗ್ರಾಂ ಅಲ್ಲಿಂದ ಓದಿಕೊಳ್ಳುವಂತೆ ಬರೆಯಿಸಿದೆನು. ಟೋಕನ್ನಿಗೆ ಓದುವ ಅಧಿಕಾರವನ್ನಷ್ಟೇ ಕೊಡಿಸಿದೆನು. ಪಟ್ಟಿ ಮಾಡಲು ಅಷ್ಟು ಸಾಕು.