ತಪ್ಪುಕಾಣಿಕೆಯೂ ಪಶ್ಚಾತ್ತಾಪವೂ



ಹರಕೆ ಮರೆತವರು, ತಡ ಮಾಡಿದವರು ಬೆಟ್ಟಕ್ಕೆ ಬಂದು ತಪ್ಪುಕಾಣಿಕೆ ಹಾಕುವುದು ನಮ್ಮ ಸೀಮೆಯ ಪದ್ಧತಿ. ಕೆಲವರು ಕಚೇರಿಗೆ ಬಂದು ಕೇಳುವುದುಂಟು: “ಸ್ವಾಮಿ, ಕಾಣಿಕೆ ಹಾಕಿದ್ದಾಯ್ತು, ಆದ್ರೂ ಮನಸ್ಸು ಚುಚ್ತಾ ಐತೆ, ಏನ್ ಮಾಡೋದು?” ಚುಚ್ಚುವುದು ಒಳ್ಳೆಯದೇ ಎನ್ನುತ್ತೇನೆ. ಮುಳ್ಳು ತುಳಿದಾಗ ನೋವೇ ಆಗದಿದ್ದರೆ ಅದು ಒಳಗೇ ಉಳಿದು ಕೀವಾಗುತ್ತದೆ. ಮುಳ್ಳು ಎಲ್ಲಿದೆ ಎಂದು ತೋರಿಸುವುದೇ ನೋವು. ಪಶ್ಚಾತ್ತಾಪವೂ ಹಾಗೆಯೇ.

ಶ್ರೀರಂಗಪಟ್ಟಣದ ಕಡೆಯಿಂದ ಮೇಲುಕೋಟೆಗೆ ಬರುವವರಿಗೆ ಪಾಂಡವಪುರದ ಕುಂತಿಬೆಟ್ಟ ಗೊತ್ತು. ಪಾಂಡವರು ತಾಯಿಯೊಡನೆ ಅಲ್ಲಿದ್ದರೆಂದು ಹಿರಿಯರ ಮಾತು. ಕರ್ಣ ನಿಮ್ಮ ಅಣ್ಣ ಎಂದು ಆ ತಾಯಿ ಮಕ್ಕಳಿಗೆ ಹೇಳಿದ್ದು ಯುದ್ಧ ಮುಗಿದ ಮೇಲೆ, ತರ್ಪಣ ಬಿಡುವ ಹೊತ್ತಿನಲ್ಲಿ. ಧರ್ಮರಾಯ ರಾಜ್ಯವೇ ಬೇಡವೆಂದು ಅತ್ತ. ಸಂಕಟವನ್ನು ಅದುಮಿಟ್ಟರೆ ಹೀಗೇ ಆಗುವುದು. ಮಾತು ಹೊರಬರುವಾಗ ಅಪ್ಪಿಕೊಳ್ಳಬೇಕಾದವನು ಇರುವುದಿಲ್ಲ.

ನಾಗಮಂಗಲ, ಕೆ.ಆರ್.ಪೇಟೆ ಕಡೆಯವರು ಹತ್ತಿರದ ಶ್ರವಣಬೆಳಗೊಳವನ್ನೂ ನೋಡಿರುತ್ತೀರಿ. ಅಲ್ಲಿ 981ರ ಸುಮಾರಿಗೆ ಚಾವುಂಡರಾಯ ಮಾಡಿಸಿದ ಗೊಮ್ಮಟನ ಎತ್ತರ ಸುಮಾರು 58 ಅಡಿ. ರಾಜ್ಯಕ್ಕಾಗಿ ಅಣ್ಣ ಭರತನೊಡನೆ ಸೆಣಸಿ, ಅವನನ್ನು ಮೇಲೆತ್ತಿ ಹಿಡಿದ ಬಾಹುಬಲಿಗೆ ಗೆಲುವೇ ಹೇಸಿಗೆಯಾಯಿತು. ಎಲ್ಲಾ ಬಿಟ್ಟು ತಪಸ್ಸಿಗೆ ನಿಂತ. ಮೈಗೆ ಬಳ್ಳಿ ಹಬ್ಬಿದರೂ ಅಣ್ಣನಿಗೆ ನೋವು ಕೊಟ್ಟೆನೆಂಬ ಮುಳ್ಳು ಉಳಿದಿತ್ತು. ಭರತನೇ ಬಂದು ನಮಸ್ಕರಿಸಿದ ಮೇಲೆ ಜ್ಞಾನವಾಯಿತೆಂದು ಜೈನ ಪುರಾಣ ಹೇಳುತ್ತದೆ. ಅಂಥಾ ತಪಸ್ಸಿಗೂ ಅಣ್ಣತಮ್ಮಂದಿರ ರಾಜಿ ಬೇಕಾಯಿತು ನೋಡಿ.

ನನ್ನದೂ ಒಂದಿದೆ. ಗದ್ದೆ ಬದುವಿನ ವಿಚಾರಕ್ಕೆ ನಾನೂ ನಮ್ಮಣ್ಣನೂ ಏಳು ವರ್ಷ ಮಾತು ಬಿಟ್ಟಿದ್ದೆವು. ತಪ್ಪು ನನ್ನದೇ. ವರ್ಷಾವರ್ಷ ಹುಂಡಿಗೆ ಕಾಣಿಕೆ ಹಾಕಿದೆ, ಅಣ್ಣನ ಬಾಗಿಲಿಗೆ ಮಾತ್ರ ಹೋಗಲಿಲ್ಲ. ಅವರು ಹಾಸಿಗೆ ಹಿಡಿದ ಮೇಲೆ ಹೋದೆ. “ಈಗ್ ಬಂದ್ಯೇನ್ಲಾ” ಅಂದರು, ಅಷ್ಟೇ. ಕೈ ಹಿಡಿದು ಕೂತೆ. ಹದಿನೈದು ದಿನ ಸಿಕ್ಕಿತು. ಆ ಏಳು ವರ್ಷ ಈಗಲೂ ಚುಚ್ಚುತ್ತವೆ.

ಹಾಗಂತ ಕೊರಗುತ್ತಾ ಕೂರುವುದು ಪಶ್ಚಾತ್ತಾಪವಲ್ಲ. ತಪ್ಪನ್ನು ಒಪ್ಪುವುದು, ನೊಂದವರ ಮುಂದೆಯೇ ಹೇಳುವುದು, ಕೈಲಾದಷ್ಟು ಸರಿಪಡಿಸುವುದು, ಮತ್ತೆ ಮಾಡದಿರುವುದು, ಇಷ್ಟು ಸೇರಿದರೆ ಪಶ್ಚಾತ್ತಾಪ. ನೊಂದವರು ತೀರಿಹೋಗಿದ್ದರೆ ಅವರ ಮಕ್ಕಳಿಗೆ ನೆರವಾಗಿರಿ.

ಕಾಣಿಕೆ ಹಾಕಬೇಡಿ ಎನ್ನುತ್ತಿಲ್ಲ. ಊರು ಸೇರಿದ ಮೇಲೆ, ಯಾರ ಬಾಗಿಲಿಗೆ ಹೋಗಲು ಕಾಲು ಹಿಂಜರಿಯುತ್ತದೋ ಅಲ್ಲಿಗೂ ಹೋಗಿರಿ. ಪ್ರಸಾದ ಕೊಡುವ ನೆಪ ಹೇಗೂ ಕೈಯಲ್ಲಿರುತ್ತದೆ.